ಅವ್ವನ ಹಿಮ್ಮಡಿ

ಗದಗಿನ ಡಾಕ್ಟರು ಇಂದು ಅವ್ವನ ಹಿಮ್ಮಡಿ ಒತ್ತಿ ನೋಡಿ, "ಮನ್ಯಾಗೂ ಮೆತ್ತನ ಚಪ್ಪಲಿ ಹಾಕ್ಕೋರಿ. ಹಾಸಿಗಿಂದ ಏಳೂಕಿಂತ ಮೊದ್ಲ ಬೆರಳು ಹಿಡದು ಪಾದ ಜಗ್ಗ್ರಿ" ಎಂದರು. ಇಷ್ಟು ವರ್ಷದ ನೋವಿಗೆ ಮದ್ದು ಇಷ್ಟೇನಾ ಎಂದು ನನ್ನ ಮೈ ಉರಿಯಿತು.

ಹಿಂದೆ ಬೆಟಗೇರಿಯ ನಮ್ಮ ಮನೆಯಲ್ಲಿ ಅವ್ವ ದಿನವಿಡೀ ಬರಿಗಾಲಲ್ಲಿ ಮಗ್ಗ ತುಳಿಯುತ್ತಿದ್ದಳು. ಬೆಳಿಗ್ಗೆ ಎದ್ದರೆ ಗೋಡೆ ಹಿಡಿದು ತುದಿಗಾಲಲ್ಲಿ ನಡೆಯುತ್ತಿದ್ದಳು. ಅಜ್ಜಿ ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಕಾವು ಕೊಡುತ್ತಿದ್ದಳು, ನಿಜ. ಆದರೆ ಅವ್ವ ಒಮ್ಮೆ ಅಪ್ಪನ ರಬ್ಬರ್ ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋದಾಗ ಅದೇ ಅಜ್ಜಿ ಅವನ್ನು ಕಸಿದು ಅಂಗಳಕ್ಕೆ ಎಸೆದಳು.

"ಒಲಿ ಮುಂದ ಚಪ್ಪಲಿ ಮೆಟ್ಟಾಕ ನೀ ಏನ್ ದೊರಿಸಾನಿ ಏನ?"

ಅಪ್ಪ ಚಹಾ ಕುಡಿಯುತ್ತಲೇ ಇದ್ದ.

ಇಂದು ಸಂಜೆ ಹೊಸ ಚಪ್ಪಲಿ ತಂದುಕೊಟ್ಟೆ. ಅವ್ವ ಅವನ್ನು ಅಡುಗೆಮನೆಯ ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋದಳು. "ಹಾಕ್ಕೋ ಬೇ!" ಎಂದು ಚೀರಿದೆ. ನಾನು ಬೈಯಬೇಕಿದ್ದ ಇಬ್ಬರೂ ಈಗಿಲ್ಲ. ಬೈಗುಳ ಮತ್ತೆ ಅವ್ವನಿಗೇ ಬಿತ್ತು.