ಲಿಡಿಯಾ ಆಂಟಿ ಒಲೆ ಆರಿಸಿ ಹೊರಟ ದಿನ

ಇದು ನಡೆದದ್ದು 2022ರ ಅಕ್ಟೋಬರಿನಲ್ಲಿ. ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದ ನಾನು ಇಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ, ಆರೋಗ್ಯ ಇಲಾಖೆಯ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ವಾಷಿಂಗ್ಟನ್ನಿನಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ಡ್ರೈವ್ ಮಾಡಿದರೆ ಮೆನೊನೈಟರ ಹೊಲಮನೆಗಳು ಸಿಗುತ್ತವೆ. ಕ್ರೈಸ್ತರಲ್ಲಿ ಹಳೆಯ ರೀತಿಯಲ್ಲೇ ಬದುಕುವ ಪಂಗಡ ಅವರದು. ಕಾರಿಲ್ಲ, ಕುದುರೆಗಾಡಿ. ಮನೆಯೊಳಗೆ ಫೋನಿಲ್ಲ, ನಾಲ್ಕಾರು ಮನೆಗಳಿಗೆ ಸೇರಿ ರಸ್ತೆ ಬದಿಯ ಮರದ ಗೂಡಿನಲ್ಲಿ ಒಂದೇ ಫೋನು. ಅವರ ಮಕ್ಕಳಿಗೆ ಕಣ್ಣಿನ ಪರೀಕ್ಷೆ ಮಾಡಿಸುವುದು, ಅರ್ಜಿ ತುಂಬಿಕೊಡುವುದು, ಬಾಣಂತಿಯರ ತಪಾಸಣೆಗೆ ಕಾರು ಗೊತ್ತುಮಾಡುವುದು ನನ್ನ ಕೆಲಸ.

ಕೆಲಸವೇನೋ ಸರಿ, ಆದರೆ ಅವರು ನನ್ನನ್ನು ನಂಬಬೇಕಲ್ಲ! ನಕ್ಕು ಮಾತಾಡಿಸುತ್ತಿದ್ದರು, ‘ಯೋಚನೆ ಮಾಡ್ತೀವಿ’ ಎಂದು ಕಳುಹಿಸುತ್ತಿದ್ದರು. ನಾನೂ ಸ್ವಲ್ಪ ಅತಿಯೇ. ಒಂದು ಮನೆಯಲ್ಲಿ ಊಟಕ್ಕೆ ಕೂರಿಸಿದಾಗ ಎಲ್ಲರೂ ತಲೆ ತಗ್ಗಿಸಿ ಸುಮ್ಮನಾದರು. ಅದು ಅವರ ಮೌನಪ್ರಾರ್ಥನೆ. ನಾನೋ, ಇವರಿಗೆ ಸಂಕೋಚವೆಂದುಕೊಂಡು ಎದ್ದು ಬಡಿಸಲು ಹೊರಟಿದ್ದೆ! ಸಂಜೆ ಇದನ್ನು ಕೇಳಿ ನಮ್ಮ ಮನೆಯವರು, “ಅಲ್ಲಿ ಹೋಗೂಮುಂದ ಬಾಯಿ ಸೈಲೆಂಟ್ ಮೋಡ್‌ನಾಗ ಇಟ್ಟು ಹೋಗು” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ಡಾಕ್ಟರರಿಂದ ಫೋನು ಬಂತು. ಡೇನಿಯಲ್ ಎಂಬುವರ ಮಗಳು, ಹುಟ್ಟಿ ಐದೇ ದಿನ. ಹೆರಿಗೆ ಮನೆಯಲ್ಲೇ ಆಗಿತ್ತು. ಸೂಲಗಿತ್ತಿ ಹಿಮ್ಮಡಿ ಚುಚ್ಚಿ ಕಳಿಸಿದ್ದ ರಕ್ತದಲ್ಲಿ ತೊಂದರೆ ಕಂಡಿತ್ತು. ಅವರ ಪಂಗಡದಲ್ಲಿ ವಂಶದಿಂದ ಬರುವ ಕಾಯಿಲೆಯಂತೆ. ಕುಡಿದ ಹಾಲಿನ ಪ್ರೋಟೀನೇ ಮೈಯಲ್ಲಿ ವಿಷವಾಗುತ್ತಾ ಹೋಗುತ್ತದೆ, ಮೂತ್ರಕ್ಕೆ ಸಕ್ಕರೆ ಪಾಕದ ವಾಸನೆ ಬರುತ್ತದೆ. “ಇವತ್ತೇ ಕರಕೊಂಡು ಬನ್ನಿ. ನಾಳೆ ಅಂದರೆ ನಾನು ಏನೂ ಹೇಳಲಾರೆ” ಎಂದರು ಡಾಕ್ಟರು.

ಗೂಡಿನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ನನ್ನ ಪಟ್ಟಿಯಲ್ಲಿದ್ದ ವಿಳಾಸ ನೋಡಿಕೊಂಡು ಕಾರು ಓಡಿಸಿದೆ. ಆ ಪಟ್ಟಿ ನಾನೇ ಮಾಡಿದ್ದು, ಅದರ ಬಗ್ಗೆ ಜಂಭವೂ ಇತ್ತು. ಬಾಗಿಲು ತೆರೆದವರು ಎಪ್ಪತ್ತರ ಹೆಂಗಸು, ಹೆಸರು ಲಿಡಿಯಾ. ಒಲೆಯ ಮೇಲೆ ಸೇಬಿನ ಹೋಳು ಕುದಿಯುತ್ತಿತ್ತು. ಅಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ನನಗೆ ಮಾತ್ರ ಬಾಯಿ ಬಾರದೆ ‘ಆಂಟಿ’ ಎಂದೆ. ಅವರ ಇಂಗ್ಲಿಷು ಈಗಲೂ ನನ್ನ ನೆನಪಿಗೆ ಬರುವುದು ನಮ್ಮ ಕಡೆಯ ಕನ್ನಡದಲ್ಲೇ, ಹಾಗೆಯೇ ಬರೆಯುತ್ತೇನೆ.

“ಯಾವ ಡೇನಿಯಲ್? ಈ ರಸ್ತಾದಾಗ ಮೂರು ಮಂದಿ ಅದಾರ. ನನ್ನ ಗಂಡನೂ ಡೇನಿಯಲ್ಲೇ. ಈ ವಯಸ್ಸಿನ್ಯಾಗ ನನಗೆಲ್ಲಿ ಕೂಸವ್ವಾ?”

ನನ್ನ ಜಂಭ ಅಲ್ಲೇ ಇಳಿಯಿತು. ಅವರಲ್ಲಿ ಒಂದೇ ಹೆಸರು ಹತ್ತಾರು ಜನಕ್ಕಿರುತ್ತದೆ, ಇಂಥ ಕಸುಬಿನವನೆಂದು ಹೇಳಿದರೇ ಗುರುತು. ಕೂಸಿನ ತಂದೆ ಕುರ್ಚಿ ಮಾಡುವ ಡೇನಿಯಲ್, ಅವನ ಹೆಸರಿನ ಮುಂದೆ ನಾನು ಈ ಮನೆಯ ವಿಳಾಸ ಬರೆದಿದ್ದೆ. ಗಾಬರಿಯಲ್ಲಿ ಕಾಯಿಲೆಯ ವಿಷಯವನ್ನೂ ಒದರಿಬಿಟ್ಟೆ. ಕೇಳುತ್ತಿದ್ದ ಆಂಟಿ ಸೌಟು ಕೆಳಗಿಟ್ಟರು. ಒಲೆ ಆರಿಸಿ, ತಲೆಗೆ ಬಾನೆಟ್ ಎಂಬ ಕಪ್ಪು ಬಟ್ಟೆಯ ಟೋಪಿ ಕಟ್ಟಿಕೊಂಡು, “ನಡಿ” ಎಂದರು.

ಕಾರಿನಲ್ಲಿ ಅವರು ಹೇಳಿದ್ದು ಇಷ್ಟೇ: “ನನ್ನ ಎರಡನೇ ಮಗಳು. ಒಂಬತ್ತು ದಿನ ಇತ್ತು. ಅದರ ಒದ್ದಿ ಬಟ್ಟಿಗೆ ಸಕ್ರಿ ಪಾಕದ ವಾಸನಿ ಬರತಿತ್ತು.”

ಕುರ್ಚಿ ಡೇನಿಯಲ್ಲನ ಹೆಂಡತಿ ರೇಚಲ್ ಇನ್ನೂ ಹುಡುಗಿ. “ಭಾಳ ಛಲೋ ಕೂಸು, ಅಳೂದೇ ಇಲ್ಲ. ಹಾಲಿಗೂ ಏಳೂದಿಲ್ಲ, ಮಲಗೇ ಇರತೈತಿ” ಎಂದು ಹೆಮ್ಮೆಯಿಂದ ಹೇಳಿದಳು. ಆ ನಿದ್ದೆಯೂ ಕಾಯಿಲೆಯ ಲಕ್ಷಣವೇ ಎಂದು ನನಗೆ ಗೊತ್ತಿತ್ತು. ಡೇನಿಯಲ್ ಎಲ್ಲ ಕೇಳಿಸಿಕೊಂಡು, “ಹಿರಿಯರನ್ನ ಕೇಳಿ ಸೋಮವಾರ ಹೇಳ್ತೀನಿ” ಎಂದ. ಸೋಮವಾರ! ನಾನು ದನಿ ಏರಿಸಿ ವಿವರಿಸುತ್ತಾ ಹೋದೆ. ನಾನು ಹೇಳಿದಷ್ಟೂ ಅವನು ಬಿಗಿಯಾಗುತ್ತಾ ಹೋದ.

ಆಂಟಿ ನನ್ನ ತೋಳು ಹಿಡಿದು ಸುಮ್ಮನಾಗಿಸಿದರು. ಕೂಸಿನ ಒದ್ದೆ ಬಟ್ಟೆ ಬಿಚ್ಚಿ ಮೂಸಿದರು. ಅದನ್ನೇ ಡೇನಿಯಲ್ಲನ ಮುಖದ ಹತ್ತಿರ ಹಿಡಿದು, ತಮ್ಮ ಭಾಷೆಯಲ್ಲಿ ನಾಲ್ಕು ಮಾತು ಹೇಳಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವನು ಗೋಡೆಯ ಮೇಲಿದ್ದ ಟೋಪಿ ತೆಗೆದುಕೊಂಡ. ರೇಚಲ್ ಅಳುತ್ತಲೇ ಕೂಸಿನ ಬಟ್ಟೆ ಮಡಚತೊಡಗಿದಳು.

ಐಸಿಯುನಲ್ಲಿ ಎರಡು ದಿನ ಏನೂ ಹೇಳುವಂತಿರಲಿಲ್ಲ. ಭಾನುವಾರ ಮಧ್ಯಾಹ್ನ ಡಾಕ್ಟರು ಹೊರಬಂದು, ಅಪಾಯ ಕಳೆಯಿತು, ಇನ್ನು ಈ ಕಾಯಿಲೆಗೆಂದೇ ಇರುವ ಹಾಲಿನಪುಡಿ ಕೊಟ್ಟು ಬೆಳೆಸಬೇಕು ಎಂದರು. ಡೇನಿಯಲ್ ಮತ್ತು ರೇಚಲ್ ಒಳಗೆ ಓಡಿದರು. ಆಂಟಿ ಮಾತ್ರ ಎದ್ದು ಡಾಕ್ಟರ ಮುಂದೆ ನಿಂತರು. ತಮ್ಮ ಕೂಸಿನ ವಿಷಯ ಎಲ್ಲಾ ಹೇಳಿ, “ಅದಕ್ಕೂ ಇದ ಆಗಿತ್ತೇನು?” ಎಂದು ಕೇಳಿದರು.

“ಪರೀಕ್ಷೆ ಇಲ್ಲದೆ ಖಂಡಿತ ಅಂತ ಹೇಳೋಕಾಗಲ್ಲ. ಆದರೆ ಇದೇ ಇರಬೇಕು.”

“ಹಂಗಾರ ನನ್ನ ಹಾಲು ಸಾಲದ್ದಕ್ಕ ಹೋಗಿದ್ದಲ್ಲ?”

“ಅಲ್ಲ. ನಿಮ್ಮ ತಪ್ಪು ಏನೂ ಇರಲಿಲ್ಲ.”

ಆಂಟಿ ಕುರ್ಚಿಯಲ್ಲಿ ಕುಳಿತು ಕನ್ನಡಕ ತೆಗೆದರು. ನಲವತ್ತು ವರ್ಷಕ್ಕೂ ಮಿಕ್ಕಿ ಅವರು ಆ ಹಾಲಿನ ಮಾತನ್ನು ಒಳಗಿಟ್ಟುಕೊಂಡಿದ್ದರು, ಗಂಡನ ಹತ್ತಿರವೂ ಆಡಿರಲಿಲ್ಲವಂತೆ. ನಾನು ಅವರ ಕೈ ಹಿಡಿದು ಅತ್ತುಬಿಟ್ಟೆ.

ಆ ಕೂಸು ಈಗ ಅಂಗಳದ ಕೋಳಿಗಳನ್ನು ಅಟ್ಟಾಡಿಸುತ್ತಾಳೆ. ಕಚೇರಿಯಲ್ಲಿ ನನ್ನನ್ನು ಹೊಗಳಿದರು, ನನಗೆ ನಾಚಿಕೆಯಾಯಿತು. ನಾನು ಮಾಡಿದ್ದು ತಪ್ಪು ಮನೆಯ ಬಾಗಿಲು ತಟ್ಟಿದ್ದು. ಕೂಸನ್ನು ಉಳಿಸಿದ್ದು ಒಬ್ಬ ತಾಯಿ ತನ್ನ ಸತ್ತ ಮಗಳ ನೆನಪನ್ನು ಇನ್ನೊಬ್ಬಳ ಮಗಳಿಗಾಗಿ ಹೊರಗೆ ತೆಗೆದದ್ದು. ಪ್ರತಿಯಾಗಿ ಅವರಿಗೆ ಸಿಕ್ಕಿದ್ದು ಡಾಕ್ಟರ ಎರಡೇ ಎರಡು ಮಾತು. ಆ ಮಾತು ಅವರ ಕಿವಿಗೆ ಬಿದ್ದ ಗಳಿಗೆಯಲ್ಲಿ ನಾನು ಪಕ್ಕದಲ್ಲಿದ್ದೆನಲ್ಲ, ಅದು ನನ್ನ ಪುಣ್ಯ.