ಎಲ್ಬಿಯೊನ ಹನ್ನೊಂದು ಹೆಜ್ಜೆ

ಬೆಳಗಿನ ಆರು ಗಂಟೆ. ನದಿ ದಂಡೆಯ ಪೈಸಾಂದು ಬಂದರಿನ ಹಿಂದಿರುವ ಬಾಲ್ಸಾ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ನೆಲಿದಾ ಬೆಂತಾಂಕೂರ್ ಸುಣ್ಣದ ಗಾಡಿ ತಳ್ಳುತ್ತಿದ್ದಾರೆ. ವಯಸ್ಸು ಅರವತ್ತೆಂಟು, ಆಳು ಗಿಡ್ಡ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ‘ಮಾತೆ’ ಎಂಬ ಎಲೆಯ ಕಷಾಯ ಕುಡಿಯುವ ಸೋರೆಬುರುಡೆ. ಹಾಗಾದರೆ ಗಾಡಿ ತಳ್ಳುವುದು ಯಾವ ಕೈಯಲ್ಲಿ ಎಂದು ಕೇಳಬೇಡಿ. ನಮ್ಮೂರಿನವರಿಗೆ ಅದು ಹೇಗೋ ಬಂದುಬಿಡುತ್ತದೆ.

ವಾರಕ್ಕೆ ಇಪ್ಪತ್ತೆರಡು ಅಂಗಿ ಒಗೆಯುವುದು, ಎರಡು ಮೂಟೆ ಸುಣ್ಣದಲ್ಲಿ ಇಡೀ ಮೈದಾನಕ್ಕೆ ಗೆರೆ ಎಳೆಯುವುದು ಅವರ ಕೆಲಸ. ಪಂದ್ಯದ ವರದಿಯಲ್ಲಿ ಅವರ ಹೆಸರು ಒಮ್ಮೆಯೂ ಬಂದಿಲ್ಲ. ವರದಿ ಬರೆಯುತ್ತಿದ್ದವನು ನಾನೇ, ತಪ್ಪು ನನ್ನದೇ.

ಇವತ್ತು ಅವರ ಜೇಬಿನಲ್ಲಿ ಹೊಸ ಅಳತೆ ಟೇಪು ಇದೆ. ನಾಳೆ ಲೀಗಿನವರು ಮೈದಾನ ಅಳೆಯಲು ಬರುತ್ತಾರೆ. ಪೆನಾಲ್ಟಿ ಚುಕ್ಕೆ ಗೋಲಿನಿಂದ ಹನ್ನೊಂದು ಮೀಟರಿನಲ್ಲಿ ಇಲ್ಲದಿದ್ದರೆ ಬಾಲ್ಸಾ ತಂಡ ಈ ವರ್ಷ ತನ್ನ ಮನೆಯಂಗಳದಲ್ಲಿ ಆಡುವಂತಿಲ್ಲ. ಚುಕ್ಕೆ ಇರುವುದು ಏಳರಲ್ಲಿ.

ಅದನ್ನು ಅಲ್ಲಿಟ್ಟವನು ಎಲ್ಬಿಯೊ ಬರ್ರೇತೊ, ಮೂರನೇ ನಂಬರಿನ ಅಂಗಿ ತೊಟ್ಟು ಆಡುತ್ತಿದ್ದ ನಮ್ಮ ಎಲ್ಬಿಯೊ. ಆಟ ಬಿಟ್ಟ ಮೇಲೆ ಗೆರೆ ಎಳೆಯುವ ಕೆಲಸ ಹಿಡಿದ. ಟೇಪು ಮುಟ್ಟಿದವನಲ್ಲ. ಗೋಲಿನಿಂದ ಹನ್ನೊಂದು ಹೆಜ್ಜೆ ಹಾಕಿ ಸುಣ್ಣ ಸುರಿಯುತ್ತಿದ್ದ. ಸೊಂಟ ಮುರಿದ ಮೇಲೂ ಹನ್ನೊಂದೇ. ಹೆಜ್ಜೆ ಕುಗ್ಗಿತು, ಚುಕ್ಕೆ ಗೋಲಿಗೆ ಹತ್ತಿರವಾಗುತ್ತ ಬಂತು. ಊರಿಗೆ ಊರೇ ನೋಡಿತು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.

"ಅಷ್ಟು ಹತ್ರದಿಂದ ಒದ್ರೆ ನಾನೇನ್ ಹಿಡೀಲಿ, ಮಣ್ಣು?" ಎನ್ನುತ್ತಾರೆ ಆಗಿನ ಗೋಲ್‌ಕೀಪರ್, ಈಗ ಬಸ್ಸು ಓಡಿಸುವ ರೂಬೆನ್ ಸಿಲ್ವೇರಾ. "ಫೈನಲ್‌ನಲ್ಲಿ ಪೆನಾಲ್ಟಿನ ನದಿಗೆ ಒದ್ದ ಪುಣ್ಯಾತ್ಮ ಅವ್ನು. ಅದಕ್ಕೇ ವಯಸ್ಸಾದ್ಮೇಲೆ ಚುಕ್ಕೆನೇ ಮುಂದಕ್ಕೆ ತಂದ ಅಂತ ರೇಗಿಸ್ತಿದ್ವಿ, ಅವ್ನ ಬೆನ್ನ ಹಿಂದೆ. ಎದುರಿಗೆ ಹೇಳೋಕೆ ನಾಲಿಗೆ ಹೊರಳ್ಬೇಕಲ್ಲ! ನದಿ ಉಕ್ಕಿದಾಗ ನಮ್ಮಮ್ಮನ್ನ ಬೆನ್ನ ಮೇಲೆ ಹೊತ್ಕೊಂಡು ಬಂದೋನು ಅವ್ನು."

ಆ ಪ್ರವಾಹದಲ್ಲಿ ಮೂವತ್ತೊಂದು ಮನೆಯವರು ಕ್ಲಬ್ಬಿನ ಹಾಲ್‌ನಲ್ಲಿದ್ದರು. ಎಲ್ಬಿಯೊ ನಲವತ್ತು ದಿನ ಅಲ್ಲೇ ಮಲಗಿದ, ಮಾಂಸ, ಕಾಳು ಹಾಕಿದ ಗೀಸೊ ಸಾರು ಬೇಯಿಸಿ ಬಡಿಸಿದ, ಕೊನೆಗೆ ತಳದಲ್ಲಿ ಉಳಿದದ್ದನ್ನು ತಾನು ಕೆರೆದು ತಿಂದ. ಅವನು ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಗೆರೆ ಎಳೆಯುವ ನೆಲಿದಾ ಅವನ ಚುಕ್ಕೆಯ ಮೇಲೇ ಸುಣ್ಣ ಸುರಿಯುತ್ತ ಬಂದಿದ್ದಾರೆ. ಅಂಥವನು ಇನ್ನೊಬ್ಬ ಸಿಗಲಿಲ್ಲ. ಭಾನುವಾರ ಗೇಟು ದಾಟುವಾಗ ನನ್ನ ಕಣ್ಣು ಇನ್ನೂ ಅವನನ್ನೇ ಹುಡುಕುತ್ತದೆ.

"ನನ್ನ ಗಿಡ್ಡೀ ಅಂತಿದ್ದ," ಎನ್ನುತ್ತಾರೆ ನೆಲಿದಾ. "ಬಾರೇ ಗಿಡ್ಡೀ, ಎಣಿಸು, ನಂಗೆ ಲೆಕ್ಕ ತಪ್ಪುತ್ತೆ ಅನ್ನೋನು. ಎಲ್ಲಿ ತಪ್ತಿತ್ತು! ಜೊತೆಗೆ ಒಬ್ರು ಬೇಕಿತ್ತು ಅಷ್ಟೇ. ಹೆಜ್ಜೆ ಸಣ್ಣದಾಗಿದೆ ಅಂತ ನಂಗೊತ್ತಿತ್ತು. ಆದ್ರೂ ಗಟ್ಟಿಯಾಗಿ ಹನ್ನೊಂದು ಅಂತಿದ್ದೆ."

ಟೇಪು ಬಿಚ್ಚುತ್ತಾರೆ. ಹನ್ನೊಂದು ಮೀಟರಿಗೆ ಹೊಸ ಚುಕ್ಕೆ ಬೀಳುತ್ತದೆ, ಬೆಳ್ಳಗೆ, ಗುಂಡಗೆ. ಹಳೆಯ ಜಾಗದಲ್ಲಿ ವರ್ಷಗಟ್ಟಲೆ ಸುಣ್ಣ ಕುಡಿದ ನೆಲ ಬೋಳಾಗಿದೆ. ಅಲ್ಲಿಗೆ ಹಾಸಲೆಂದು ಕ್ಲಬ್ಬಿನ ಕಾರ್ಯದರ್ಶಿ ಹುಲ್ಲುಹಾಸಿನ ತುಂಡೊಂದನ್ನು ಕಳಿಸಿದ್ದಾರೆ. ನೆಲಿದಾ ಅದನ್ನೆತ್ತಿ ಮೂಲೆ ಬಾವುಟದ ಹತ್ತಿರ ಹಾಸಿ ಕಾಲಲ್ಲಿ ಒತ್ತುತ್ತಾರೆ.

"ಕಾರ್ಯದರ್ಶಿ ಕೇಳಿದ್ರೆ?" ಎನ್ನುತ್ತೇನೆ ನಾನು.

"ಕೇಳ್ಲಿ. ಲೀಗಿನೋರು ಸುಣ್ಣ ಅಳೀತಾರೆ, ಬೋಳು ನೆಲ ಅಳೆಯಲ್ಲ. ನಾನಿರೋವರ್ಗೂ ಅಲ್ಲಿ ಹುಲ್ಲು ಹಾಕದೇ ಇದ್ರೆ ಸಾಕಪ್ಪ, ಇನ್ನೇನೂ ಬೇಡ ನಂಗೆ."

ಫ್ಲಾಸ್ಕು, ಬುರುಡೆ ಎರಡನ್ನೂ ನನ್ನ ಕೈಗೆ ಕೊಟ್ಟು ಗೋಲಿನ ಗೆರೆಯ ಮೇಲೆ ನಿಲ್ಲುತ್ತಾರೆ. ಒಂದು, ಎರಡು ಎಂದು ಎಣಿಸುತ್ತ ತಮ್ಮ ಮಾಮೂಲಿ ನಡಿಗೆಯಲ್ಲೇ ಬರುತ್ತಾರೆ. ಕೊನೆಯ ಹೆಜ್ಜೆ ಸರಿಯಾಗಿ ಬೋಳು ನೆಲದ ಮೇಲೆ ಬೀಳುತ್ತದೆ.

"ಹನ್ನೊಂದು," ಎನ್ನುತ್ತಾರೆ, ಗಟ್ಟಿಯಾಗಿ.