ಪಕ್ಕದ ಉಗ್ರಾಣದಲ್ಲಿ ಇಲ್ಲದ್ದು

ಬ್ರೈಲ್ ಪುಸ್ತಕಗಳನ್ನು ಅಚ್ಚು ಮಾಡುವ ಆ ಮುದ್ರಣಾಲಯದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದ ಅವಳನ್ನು ಎಲ್ಲರೂ ಸರ್ವರ್ ಅಕ್ಕ ಎನ್ನುತ್ತಿದ್ದರು. ಆದರೆ ಸರ್ವರ್ ಆ ಕಟ್ಟಡದಲ್ಲಿ ಇರಲೇ ಇಲ್ಲ. ಅದು ಯಾವುದೋ ಕ್ಲೌಡ್ ಕಂಪನಿಯಿಂದ ಬಾಡಿಗೆಗೆ ಪಡೆದ, ಎಲ್ಲೋ ದೂರದಲ್ಲಿರುವ ಕಂಪ್ಯೂಟರ್.

“ಕಾಣದ್ದನ್ನ ನಂಬಿ ಬದುಕೋದು ನನಗೆ ರೂಢಿ ಕಣೇ, ನಿನಗೆ ಹೊಸದು,” ಎಂದು ಚಿಕ್ಕಪ್ಪ ಕಿಚಾಯಿಸುತ್ತಿದ್ದರು.

ಹುಟ್ಟಿನಿಂದ ಕಣ್ಣಿಲ್ಲದ ಚಿಕ್ಕಪ್ಪ ಅಲ್ಲಿ ಕರಡು ತಿದ್ದುವವರು. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವರೂ ಅವರೇ. ನಿವೃತ್ತಿಯ ವಯಸ್ಸು ದಾಟಿದ್ದರೂ, ಶಾಲಾ ಪಠ್ಯಗಳ ಕೆಲಸ ಇರುವವರೆಗೆ ಕೂತಿರಲಿ ಎಂದು ಯಜಮಾನರು ಅವರನ್ನು ಉಳಿಸಿಕೊಂಡಿದ್ದರು. ಆ ಕುರ್ಚಿ ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ.

ಮಾಮೂಲಿ ಅಕ್ಷರಗಳನ್ನು ಬ್ರೈಲ್ ಚುಕ್ಕಿಗಳಾಗಿ ಬದಲಿಸುತ್ತಿದ್ದುದು ಒಂದು ಪುಟ್ಟ ಪ್ರೋಗ್ರಾಂ. ಸರ್ವರಿನ ಜೊತೆ ಬರುವ ಮುಖ್ಯ ಉಗ್ರಾಣದಲ್ಲಿ, ಅಂದರೆ ಸಿದ್ಧ ಪ್ರೋಗ್ರಾಂಗಳ ಸಂಗ್ರಹದಲ್ಲಿ, ಅದು ಸಿಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಹೆಚ್ಚುವರಿ ಉಗ್ರಾಣವಿದೆ. ಸಂಬಳವಿಲ್ಲದ ಸ್ವಯಂಸೇವಕರು ಒಬ್ಬೊಬ್ಬರು ಒಂದೊಂದು ಪ್ರೋಗ್ರಾಮಿನ ಪ್ಯಾಕೇಜನ್ನು ಮಗುವಿನಂತೆ ಸಾಕುವ ಜಾಗ ಅದು. ಅವಳು ಹಿಂದೊಮ್ಮೆ ಅಲ್ಲಿಂದ ಪ್ರೋಗ್ರಾಂ ತಂದು ಹಾಕಿ, ನೋವಿಲ್ಲದ ಹಲ್ಲನ್ನು ಮರೆಯುವ ಹಾಗೆ ಮರೆತಿದ್ದಳು.

ಪಠ್ಯಗಳ ಕೆಲಸ ಅರ್ಧಕ್ಕೆ ಬಂದಾಗ ಕಂಪನಿಯ ಸೂಚನೆ ಬಂತು. ಸರ್ವರಿನ ಹಳೆಯ ಆವೃತ್ತಿಯ ಆಯಸ್ಸು ಮುಗಿದಿದೆ, ತಿಂಗಳ ಕೊನೆಗೆ ಅಂಥ ಸರ್ವರ್‌ಗಳೆಲ್ಲ ನಿಲ್ಲುತ್ತವೆ. ಅವಳು ಹೊಸದೊಂದನ್ನು ಪಡೆದು, ಹೆಚ್ಚುವರಿ ಉಗ್ರಾಣದ ಬಾಗಿಲು ತೆರೆದು ಹುಡುಕಿದಳು. ಹೊಸ ಆವೃತ್ತಿಗೆ ಆ ಪ್ರೋಗ್ರಾಮನ್ನು ಯಾರೂ ಸಿದ್ಧಪಡಿಸಿರಲಿಲ್ಲ. ಮೂಲ ಕೋಡಿನಿಂದ ತಾನೇ ಕಟ್ಟಲು ಕೂತಳು. ಅದು ಒಬ್ಬರನ್ನು ಕರೆದರೆ ಬೀಗರೆಲ್ಲ ಬಂದಿಳಿಯುವ ಮದುವೆಯಾಯಿತು: ಒಂದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೆ ಹತ್ತು.

ಸರ್ವರ್ ನಿಂತು ತಡವಾದರೆ ಕೆಲಸ ಬೇರೆ ಮುದ್ರಣಾಲಯಕ್ಕೆ ಹೋಗುತ್ತದೆ ಎಂದು ಯಜಮಾನರು ಮೆಲ್ಲಗೆ ಹೇಳಿಹೋದ ಮಧ್ಯಾಹ್ನ, ಅವಳು ಮಾಡಬಾರದ್ದನ್ನು ಮಾಡಿದಳು. ಹೊಸ ಸರ್ವರಿನಲ್ಲಿ ಹಳೆಯ ಆವೃತ್ತಿಯ ಉಗ್ರಾಣವನ್ನು ತೆರೆದಳು. ಯಂತ್ರ ಪ್ರಶ್ನೆ ಕೇಳುವ ಮೊದಲೇ ಆಜ್ಞೆಯ ಕೊನೆಯಲ್ಲಿ ‘ಹೌದು’ ಎಂದು ಬರೆದುಬಿಡುವುದು ಅವಳ ಕಸುಬಿನವರ ಚಾಳಿ. ಈ ಹಳೆಯದನ್ನು ಹಾಕಬೇಕಾದರೆ ಹೊಸ ಆವೃತ್ತಿಯವನ್ನೆಲ್ಲ ತೆಗೆಯಲೇ ಎಂದು ಯಂತ್ರ ಕೇಳಿತು. ಉತ್ತರ ಆಗಲೇ ಅದರ ಕೈಯಲ್ಲಿತ್ತು. ಹೊಸ ಸರ್ವರಿಗೆ ಜೀವಾಳವಾದ ಸಾಮಾನುಗಳೆಲ್ಲ ಅವಳ ಕಣ್ಣೆದುರೇ ಸಾಲಾಗಿ ಹೊರಟುಹೋದವು. ಆಮೇಲೆ ಅದು ಅವಳನ್ನೂ ಒಳಗೆ ಬಿಡಲಿಲ್ಲ. ಮತ್ತೊಂದು ಸರ್ವರ್ ಚಿಟಿಕೆ ಹೊಡೆಯುವಷ್ಟರಲ್ಲಿ ಸಿಕ್ಕಿತು. ಎಷ್ಟು ಬೇಕಾದರೂ ಸಿಗುತ್ತವೆ. ಆ ಒಂದು ಪ್ರೋಗ್ರಾಂ ಮಾತ್ರ ಯಾವುದರಲ್ಲೂ ಇರುವುದಿಲ್ಲ.

ಆ ಪ್ರೋಗ್ರಾಮಿನ ಪ್ಯಾಕೇಜನ್ನು ನೋಡಿಕೊಳ್ಳುತ್ತಿದ್ದ ಅಪರಿಚಿತನಿಗೆ ಬರೆದಳು. ಅವನ ಉತ್ತರ ಮೃದುವಾಗಿತ್ತು. ತಾಯಿ ಹಾಸಿಗೆ ಹಿಡಿದಿದ್ದಾರೆ, ಬಿಡುವಿನ ವೇಳೆ ಎಂಬುದೇ ಉಳಿದಿಲ್ಲ, ಯಾರಾದರೂ ವಹಿಸಿಕೊಂಡರೆ ಸಂತೋಷ ಎಂದಿದ್ದ. ವಹಿಸಿಕೊಳ್ಳುತ್ತೇನೆಂದು ಅವಳು ಅರ್ಜಿ ಹಾಕಿದಳು. ಒಪ್ಪಿಗೆ ಕೊಡಬೇಕಾದವರೂ ಸಂಬಳವಿಲ್ಲದವರೇ, ಅವರ ಮುಂದೆ ಉದ್ದನೆಯ ಸರದಿ. ಯಾರ ಮೇಲೆ ಕೋಪ ಮಾಡಿಕೊಳ್ಳುವುದು? ಕೋಪಕ್ಕೂ ಒಬ್ಬ ತಪ್ಪಿತಸ್ಥ ಬೇಕಲ್ಲ.

ತಿಂಗಳು ಮುಗಿಯಿತು. ಹಳೆಯ ಸರ್ವರ್ ನಿಲ್ಲುವ ಮೊದಲು ಕೊನೆಗೆ ಕಳಿಸಿದ ಹಾಳೆ ಪಾಠದ ನಡುವೆಯೇ ತುಂಡಾಗಿತ್ತು. ಆ ಸಂಜೆ ಚಿಕ್ಕಪ್ಪ ಅದನ್ನು ಓದಿ ಮುಗಿಸಿ, ಅವಳಿದ್ದ ಕಡೆಗೆ ಕೈ ಚಾಚಿದರು.

“ಪುಟ್ಟೀ, ಮುಂದಿನದು?”

“ಇಲ್ಲ ಚಿಕ್ಕಪ್ಪ.”

“ತಡ ಆಗುತ್ತಾ, ಇಲ್ವೇ ಇಲ್ವಾ?”

ಕೆಲಸ ಬೇರೆ ಮುದ್ರಣಾಲಯಕ್ಕೆ ಹೋಯಿತೆಂದು ಯಜಮಾನರು ಬೆಳಿಗ್ಗೆಯೇ ಅವಳಿಗೆ ತಿಳಿಸಿದ್ದರು, ನೀನೇ ಹೇಳಮ್ಮ ಎಂದೂ ಬೇಡಿಕೊಂಡಿದ್ದರು. ಅವಳು ಅದನ್ನು ಹೇಳದೆ, ಮುಗಿದ ಹಾಳೆಗಳನ್ನು ಜೋಡಿಸತೊಡಗಿದಳು.

“ಬಿಡು, ನಿನ್ನ ಕೈಲಾಗದ್ದು ಇನ್ಯಾರ ಕೈಲಾಗುತ್ತೆ,” ಎಂದರು ಚಿಕ್ಕಪ್ಪ. ಸಮಾಧಾನದ ಮಾತು ಇಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಅದೇ ಹಾಳೆಯನ್ನು ಮೇಲಿನಿಂದ ಮತ್ತೆ ಓದತೊಡಗಿದರು. ತಪ್ಪೇನಾದರೂ ಉಳಿದಿರಬಹುದೇ ಎಂದು ಒಂದೊಂದು ಚುಕ್ಕಿಯನ್ನೂ ನಿಧಾನವಾಗಿ ಮುಟ್ಟಿ ನೋಡಿದರು. ತಪ್ಪು ಒಂದೂ ಇರಲಿಲ್ಲ.